ಹದ ತಪ್ಪಿದ ಪುಸ್ತಕಗಳು

ಬಿಳಿಕೆರೆ

ಹುಣಸೂರಿನಲ್ಲಿ ಹತ್ತಿದ ಬಸ್ಸು ಬಿಳಿಕೆರೆಯಲ್ಲೇ ಪಂಕ್ಚರ್ ಆಗಿ ನಿಂತಿತು. ವಿಮಾನ ಹತ್ತಿ ಐರ್ಲೆಂಡಿಗೆ ಹೋಗಬೇಕಾದವಳು ರಸ್ತೆ ಬದಿಯ ಎಳನೀರು ಗಾಡಿಯ ಪಕ್ಕ ನನ್ನ ಪೆಟ್ಟಿಗೆಯ ಮೇಲೆಯೇ ಕೂತುಕೊಂಡೆ. ಮೈಸೂರಿನವರೆಗೆ ಬಂದು ಕಳಿಸಿಕೊಡುತ್ತೇವೆ ಎಂದು ಹೊರಟ ಇಬ್ಬರು ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು: ನಮ್ಮವ್ವ, ಮತ್ತು ಭಾಗ್ಯ.

"ಅಲ್ಲೂ ಬುಕ್ ಜೋಡ್ಸಾಕೇ ಓಯ್ತಿದ್ದೀಯಲ್ಲ, ಇಲ್ಲಿರೋವು ಸಾಲ್ದಾದ್ವಾ?" ಎಂದು ಅವ್ವ ಆ ದಿನ ನಾಲ್ಕನೇ ಸಲ ಕೇಳಿದಳು.

"ಅವ್ವೋ, ನಿಮ್ ಮಗಳು ಅಲ್ಲಿ ಚೆಂದಾಗಿ ಜೋಡ್ಸಿ ಒಳ್ಳೆ ಎಸ್ರು ತಕಂಡ್ ಬಂದ್ರೆ ಮುಂದಿನ್ ವರ್ಸ ನಾನು ಓಗ್ತೀನಿ. ಸುಮ್ಕೆ ನಗ್‌ನಗ್ತಾ ಕಳ್ಸಿ," ಎಂದಳು ಭಾಗ್ಯ.

ವಿಷಯ ಇಷ್ಟೇ. ನಾನು ರತ್ನ, ಪಿರಿಯಾಪಟ್ಟಣ ತಾಲ್ಲೂಕಿನವಳು. ಹುಣಸೂರಿನ ಒಂದು ಕಾಲೇಜಿನಲ್ಲಿ ಗುತ್ತಿಗೆಯ ಗ್ರಂಥಪಾಲಕಿ. ಭಾಗ್ಯ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಗ್ರಂಥಾಲಯ ವಿಜ್ಞಾನ ಓದುವಾಗ ಮೈಸೂರಿನ ಹಾಸ್ಟೆಲಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಮೈಸೂರಿನ ಒಂದು ಟ್ರಸ್ಟಿನವರು ಐರ್ಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯದ ಜೊತೆ ಮಾತಾಡಿ ಒಂದು ಏರ್ಪಾಡು ಮಾಡಿದ್ದರು. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಒಬ್ಬರು ಅಲ್ಲಿ ಆರು ವಾರ ಇದ್ದು ಕೆಲಸ ಕಲಿಯಬಹುದು. ಮೊದಲ ವರ್ಷ ಪ್ರಯೋಗಕ್ಕೆ. ಹೋದವರ ಬಗ್ಗೆ ಅಲ್ಲಿಯವರು ಬರೆಯುವ ವರದಿ ಚೆನ್ನಾಗಿದ್ದರೆ ಮುಂದಿನ ವರ್ಷ ಇನ್ನೊಬ್ಬರು. ಇಲ್ಲದಿದ್ದರೆ ಅಲ್ಲಿಗೇ ಮುಕ್ತಾಯ. ಪಟ್ಟಿಯಲ್ಲಿ ಎರಡನೇ ಹೆಸರು ಭಾಗ್ಯಳದು. ಅವಳಾಗಲೇ ಪಾಸ್‌ಪೋರ್ಟು ಮಾಡಿಸಿಟ್ಟುಕೊಂಡಿದ್ದಳು.

"ನೀನು ಕೆಡಿಸ್ಕಂಡ್ರೆ ನಂದೂ ಕೆಟ್ಟೋಯ್ತದೆ ಕಣಕ್ಕ," ಎಂದು ಅವಳು ನಗುತ್ತಲೇ ಹೇಳಿದಳು. ಅವಳು ನಗುತ್ತಾ ಹೇಳುವ ಮಾತುಗಳೇ ನಿಜವಾದ ಮಾತುಗಳು.

ಹಿಂದಿನ ಬಸ್ಸು ಬಂತು. ಕಂಡಕ್ಟರ್ ನನ್ನ ಪೆಟ್ಟಿಗೆ ನೋಡಿ, "ಇದ್ಯಾವೂರ್ಗಮ್ಮ ಇಷ್ಟ್ ಸಾಮಾನು?" ಎಂದ.

"ಐರ್ಲೆಂಡ್‌ಗೆ," ಎಂದಳು ಭಾಗ್ಯ.

"ಈ ಗಾಡಿ ಮೈಸೂರ್ಗಂಟ ಮಾತ್ರ ಕಣಮ್ಮ. ಅಲ್ಲಿ ಬದಲಾಯಿಸ್ಕಳಿ," ಎಂದು ಅವನು ಪೆಟ್ಟಿಗೆ ಎತ್ತಿ ಒಳಗಿಟ್ಟ.

ಡಬ್ಲಿನ್‌ನಿಂದ ಪಶ್ಚಿಮಕ್ಕೆ

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆಗೆಸಿದರು. ರಾಗಿ ಹಿಟ್ಟು ಕಂಡ ಅಧಿಕಾರಿ ಇದೇನು ಎಂದು ಕೇಳಿದ. ಊಟ ಎಂದೆ. ಅವನು ಹಿಟ್ಟನ್ನು ನೋಡಿದ, ನನ್ನನ್ನು ನೋಡಿದ. ಎಷ್ಟು ಜನರಿಗೆ ಎಂದು ಕೇಳಿದ. ಒಬ್ಬಳಿಗೇ ಎಂದೆ. ಅವನ ಮುಖದಲ್ಲಿ ಅನುಮಾನ ಹೋಗಿ ಗೌರವ ಬಂತು.

ಅಲ್ಲಿಂದ ಪಶ್ಚಿಮ ಕರಾವಳಿಗೆ ಬಸ್ಸು. ಆ ಬಸ್ಸಿನಲ್ಲಿ ಕಂಡದ್ದನ್ನು ನಾನು ನಮ್ಮ ಊರಿನಲ್ಲಿ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಇಳಿಯುವ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮೊದಲಿಬ್ಬರನ್ನು ನೋಡಿದಾಗ ಡ್ರೈವರ್ ಇವರಿಗೆ ನೆಂಟನಿರಬೇಕು ಅಂದುಕೊಂಡೆ. ಐದನೆಯವರೂ ಹೇಳಿದಾಗ, ಅಬ್ಬಾ, ಈತನಿಗೆ ಎಷ್ಟು ದೊಡ್ಡ ಸಂಸಾರ ಅನ್ನಿಸಿತು. ನನ್ನ ಸರದಿ ಬಂದಾಗ ಗಾಬರಿಯಲ್ಲಿ ಕೈ ಮುಗಿದುಬಿಟ್ಟೆ. ಆತನೂ ಸ್ಟಿಯರಿಂಗ್ ಬಿಟ್ಟು ಕೈ ಮುಗಿದ.

ನಾನು ಉಳಿದುಕೊಂಡ ಮನೆಯ ಯಜಮಾನಿಗೆ ಟೀ ಬೇಡ ಎಂದು ಹೇಳಿ ಒಪ್ಪಿಸುವುದು ಸಾಧ್ಯವೇ ಇರಲಿಲ್ಲ. ನಮ್ಮಲ್ಲಿ ಹೇಗೆ ಮೊದಲ ಸಲ ಬೇಡ ಎಂದರೆ ಅದು ಲೆಕ್ಕಕ್ಕಿಲ್ಲವೋ ಅಲ್ಲೂ ಹಾಗೇ. ಮೂರನೇ ಸಲ ಬೇಡ ಎಂದರೆ ಮಾತ್ರ ಮುಖ ಬಾಡಿಸಿಕೊಂಡು, ಆದರೂ ತಂದಿಡುತ್ತಾರೆ. ಎರಡನೇ ದಿನ ಅವರ ಅಡುಗೆಮನೆಯಲ್ಲಿ ಮುದ್ದೆ ತಿರುವಲು ಹೋಗಿ ಅವರ ಮರದ ಸೌಟಿನ ಹಿಡಿ ಮುರಿದೆ. ನಾನು ಅಳುವುದೊಂದು ಬಾಕಿ. ಆಕೆ ತುಂಡನ್ನು ಕೈಯಲ್ಲಿ ಹಿಡಿದು, "ನಮ್ಮತ್ತೆಯದು. ಮೂವತ್ತು ವರ್ಷದಿಂದ ನಾನೇ ಮುರಿಯಬೇಕು ಅಂದುಕೊಂಡಿದ್ದೆ," ಎಂದರು.

ಗ್ರಂಥಾಲಯ, ಮೊದಲ ವಾರ

ಗ್ರಂಥಾಲಯದ ಮುಖ್ಯಸ್ಥೆಯ ಹೆಸರು ನೋರಾ. ಐವತ್ತು ದಾಟಿದವರು, ಕತ್ತರಿಸಿದ ಬಿಳಿ ಕೂದಲು, ಮಾತು ಕಡಿಮೆ. "ಮೇಡಂ ಅನ್ನಬೇಡ, ನೋರಾ ಅನ್ನು," ಎಂದರು. ತಾಯಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಮೇಡಂ ಅನ್ನುವಂತಿಲ್ಲ. ಹೀಗಾಗಿ ಆರು ವಾರದಲ್ಲಿ ಒಂದು ಸಲ ಬಿಟ್ಟರೆ ನಾನು ಅವರನ್ನು ಕರೆಯಲೇ ಇಲ್ಲ. ಏನಾದರೂ ಹೇಳಬೇಕಾದರೆ ಅವರೆದುರು ಹೋಗಿ, ಅವರು ತಲೆ ಎತ್ತುವವರೆಗೆ ನಿಂತಿರುತ್ತಿದ್ದೆ.

ಕಟ್ಟಡ ನೋಡಿಕೊಳ್ಳುವವರು ಪ್ಯಾಟ್. ಅರವತ್ತಮೂರು ವರ್ಷ. ಬೀಗ, ಬಲ್ಬು, ಹೀಟರು, ಪುಸ್ತಕದ ಡಬ್ಬಗಳು ಎಲ್ಲಾ ಅವರ ಜವಾಬ್ದಾರಿ. ನನ್ನನ್ನು ಕಂಡ ಮೊದಲ ದಿನವೇ ನಿಮ್ಮ ಊರು ಯಾವುದು, ಅಪ್ಪ ಏನು ಮಾಡುತ್ತಾರೆ, ಅಣ್ಣತಮ್ಮಂದಿರೆಷ್ಟು, ಮಳೆ ಹೇಗೆ ಎಂದು ಕೇಳಿ ಮುಗಿಸಿದರು. ವಿದೇಶದವರು ಸ್ವಂತ ವಿಷಯ ಕೇಳುವುದಿಲ್ಲ ಎಂದು ನನಗೆ ಯಾರೋ ಹೇಳಿದ್ದರು. ಹೇಳಿದವರು ಪ್ಯಾಟ್‌ರನ್ನು ಕಂಡಿರಲಿಲ್ಲ. ನಮ್ಮ ಕೆ.ಆರ್. ನಗರದ ಸಂತೆಯಲ್ಲಿ ಬಿಟ್ಟರೆ ಅವರು ಸಂಜೆಯೊಳಗೆ ಅರ್ಧ ತಾಲ್ಲೂಕಿನ ವಂಶಾವಳಿ ತಿಳಿದುಕೊಂಡು ಬರುತ್ತಿದ್ದರು.

ಆ ಗ್ರಂಥಾಲಯದ ಬಾಗಿಲು ಬೆಳಿಗ್ಗೆ ಎಂಟಕ್ಕೇ ತೆರೆದುಕೊಳ್ಳುತ್ತದೆ. ಸಿಬ್ಬಂದಿ ಬರುವುದು ಹತ್ತಕ್ಕೆ. ನಡುವಿನ ಎರಡು ಗಂಟೆ ಊರಿನವರು ತಮ್ಮ ಕಾರ್ಡು ತೋರಿಸಿ ಒಳಗೆ ಬಂದು, ತಾವೇ ಪುಸ್ತಕ ತೆಗೆದುಕೊಂಡು, ತಾವೇ ಯಂತ್ರದಲ್ಲಿ ದಾಖಲಿಸಿ ಹೋಗುತ್ತಾರೆ. ನಮ್ಮಲ್ಲಿ ಬೀರುವಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಒಂದು ಪುಸ್ತಕ ಕಾಣದಿದ್ದರೆ ಸಹಿ ಹಾಕಿದವಳು ನಾನು. ಈ ಎರಡು ಗಂಟೆಯ ವಿಷಯ ಕೇಳಿ ನಾನು ಮೂರು ದಿನ ಬೇಗ ಹೋಗಿ ಬಾಗಿಲ ಹತ್ತಿರ ಕಾವಲು ಕೂತಿದ್ದೆ. ಯಾರೂ ಏನೂ ಕದಿಯಲಿಲ್ಲ. ಒಬ್ಬ ಅಜ್ಜಿ ಮಾತ್ರ ನನಗೆ ಬಿಸ್ಕತ್ತು ಕೊಟ್ಟುಹೋದರು.

ಒಂದು ಕೋಣೆಗೆ ಮಾತ್ರ ಅಲ್ಲೂ ಬೀಗವಿತ್ತು. ಅದು ಊರಿನ ಇತಿಹಾಸದ ಕೋಣೆ. ಹಳೇ ಶಾಲೆಗಳ ಕೈಬರಹದ ದಾಖಲಾತಿ ಪುಸ್ತಕಗಳು, ನಕ್ಷೆಗಳು, ಆ ಸೀಮೆಯ ಬಗ್ಗೆ ಬಂದ ಪುಸ್ತಕಗಳು ಅಲ್ಲಿದ್ದವು. ತಾತ ಮುತ್ತಾತನ ಹೆಸರು ಹುಡುಕಿಕೊಂಡು ದೂರದಿಂದ ಜನ ಬರುತ್ತಾರೆ. ಅದರ ಬೀಗದ ಕೈ ಮೂರು: ನೋರಾರ ಬಳಿ ಒಂದು, ಪ್ಯಾಟ್ ಬಳಿ ಒಂದು, ಆರು ವಾರಕ್ಕೆ ನನಗೊಂದು.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೆಮ್ಮೆಯಿದೆ. ಪುಸ್ತಕ ಎತ್ತಿಕೊಡುವುದಕ್ಕೂ ಡಿಗ್ರಿ ಬೇಕೇ ಎಂದು ನೆಂಟರು ಕೇಳಿದ್ದಾರೆ, ಅವರಿಗೂ ಉತ್ತರ ಕೊಟ್ಟಿದ್ದೇನೆ. ಆದರೆ ಪಿಯುಸಿ ಸೇರುವವರೆಗೆ ನಾನು ಗ್ರಂಥಾಲಯದ ಒಳಗೆ ಕಾಲಿಟ್ಟಿರಲಿಲ್ಲ. ಮೈಸೂರಿನ ತರಗತಿಯಲ್ಲಿ ಮೇಷ್ಟ್ರು ಏನಾದರೂ ಹೇಳಿ ಎಲ್ಲರಿಗೂ ಗೊತ್ತಲ್ಲ ಎಂದಾಗ ಉಳಿದವರು ತಲೆಯಾಡಿಸುತ್ತಿದ್ದರು. ನನಗೆ ಗೊತ್ತಿರುತ್ತಿರಲಿಲ್ಲ. ನಾನೂ ತಲೆಯಾಡಿಸುತ್ತಿದ್ದೆ. ಸಂಜೆ ಒಬ್ಬಳೇ ಕೂತು ಓದಿ ತಿಳಿದುಕೊಳ್ಳುತ್ತಿದ್ದೆ. ಹಾಗೇ ಮಾಡಿ ಮೊದಲ ದರ್ಜೆಯಲ್ಲಿ ಪಾಸಾದೆ. ಗೊತ್ತಿಲ್ಲ ಎಂದು ಒಂದು ಸಲ ಬಾಯಿಬಿಟ್ಟರೆ, ಇವಳು ಎಲ್ಲಿಂದ ಬಂದವಳು ಎಂದು ಎಲ್ಲರಿಗೂ ತಿಳಿದುಹೋಗುತ್ತದೆ ಎಂಬ ಭಯ ನನಗೆ.

ಎರಡನೇ ವಾರ, ಗುರುವಾರ

ಹಿತ್ತಲ ಓಣಿಯಲ್ಲಿ ಎರಡು ಡಬ್ಬ ಪುಸ್ತಕವಿತ್ತು. ಮೇಲೆ ಹಳದಿ ಚೀಟಿ. ತೀರಿಕೊಂಡ ಒಬ್ಬ ಮೇಷ್ಟ್ರ ಮನೆಯಿಂದ ಬಂದವು.

"ಇವು ನಾಳೆ ಹೋಗುತ್ತವೆ. ಪ್ಯಾಟ್ ಗಾಡಿಗೆ ಹಾಕುತ್ತಾರೆ. ಯಾಕೆ ಅಂತ ನಿನಗೆ ಗೊತ್ತಲ್ಲ?" ಎಂದರು ನೋರಾ.

ನಾನು ತಲೆಯಾಡಿಸಿದೆ.

ನನಗೆ ಗೊತ್ತಿರಲಿಲ್ಲ. ಹಳೆಯವು, ಹರಿದವು, ಅದಕ್ಕೇ ಎಸೆಯುತ್ತಾರೆ ಅಂದುಕೊಂಡೆ. ಆ ಗ್ರಂಥಾಲಯದಲ್ಲಿ ಬೇಡದ ಪುಸ್ತಕ ಆರಿಸಿ ತೆಗೆಯುವುದು ತಿಂಗಳ ಕೆಲಸ, ತರಕಾರಿ ಆರಿಸಿದಷ್ಟು ಸಲೀಸು. ನಮ್ಮಲ್ಲಿ ಒಂದು ಪುಸ್ತಕ ರದ್ದು ಮಾಡಬೇಕಾದರೆ ಸಮಿತಿ ಕೂರಬೇಕು, ಸಮಿತಿ ಕೂರುವುದಿಲ್ಲ, ಪುಸ್ತಕ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ವಸ್ತುವನ್ನು ಕಸದ ಗಾಡಿಗೆ ಹಾಕುವುದನ್ನು ನನ್ನ ಕಣ್ಣಿನಿಂದ ನೋಡಲಾಗಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಡಬ್ಬ ಬಿಚ್ಚಿದೆ. ಆ ಸೀಮೆಯ ಹೊಲಗಳ ಬಗ್ಗೆ, ಹಾಡುಗಳ ಬಗ್ಗೆ, ಮೀನುಗಾರರ ಬಗ್ಗೆ ಎಷ್ಟು ಚೆಂದದ ಪುಸ್ತಕಗಳು! ಮೂಗಿಗೆ ಒಂದು ವಾಸನೆ ಬಡಿಯಿತು. ನಮ್ಮ ಕಾಲೇಜಿನ ಗ್ರಂಥಾಲಯದ ವಾಸನೆ. ಎರಡು ವಾರದಿಂದ ಮನೆ ನೆನಪಾಗಿ ಕೊರಗುತ್ತಿದ್ದವಳಿಗೆ ಊರೇ ಡಬ್ಬದಿಂದ ಎದ್ದು ಬಂದಂತಾಯಿತು. ಪುಟ ತಿರುಗಿಸಿದರೆ ಸದ್ದೇ ಇರಲಿಲ್ಲ, ಒದ್ದೆ ಬಟ್ಟೆಯ ಹಾಗಿತ್ತು. ಬೆರಳಿಗೆ ಅದು ಗೊತ್ತಾಯಿತು. ಆದರೂ ಬೆರಳಿನ ಮಾತು ನಾನು ಕೇಳಲಿಲ್ಲ.

ನಲವತ್ತು ಪುಸ್ತಕ ಬಟ್ಟೆಯಲ್ಲಿ ಒರೆಸಿ, ಇತಿಹಾಸದ ಕೋಣೆಯಲ್ಲಿ ವಿಷಯ ನೋಡಿ ಅಲ್ಲಲ್ಲಿ ಸೇರಿಸಿದೆ. ಡಬ್ಬಗಳನ್ನು ಮಡಚಿ ರದ್ದಿಗೆ ಹಾಕಿದೆ. ಏನೋ ಜೀವ ಉಳಿಸಿದಷ್ಟು ಸಂತೋಷ. ಶುಕ್ರವಾರ ಪ್ಯಾಟ್ ಬೇರೆ ಹತ್ತಾರು ಡಬ್ಬಗಳನ್ನು ಗಾಡಿಗೆ ಹಾಕಿದರು. ಎರಡು ಕಡಿಮೆ ಇದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ನಾಲ್ಕನೇ ವಾರ

ಅಲ್ಲಿ ಮಳೆ ಸುರಿಯುವುದಿಲ್ಲ, ಗಾಳಿಯಲ್ಲಿ ಸುಮ್ಮನೆ ಇರುತ್ತದೆ. ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. "ಇವತ್ತು ಎಷ್ಟು ಒಳ್ಳೆಯ ದಿನ," ಎಂದು ಜನ ತುಂತುರಿನಲ್ಲೇ ನಿಂತು ಹೇಳುತ್ತಾರೆ.

ಸೋಮವಾರ ಬೆಳಿಗ್ಗೆ ಮುತ್ತಾತನ ಹೆಸರು ಹುಡುಕಲು ಬಂದ ಒಬ್ಬರು ಒಂದು ಶಾಲೆಯ ದಾಖಲಾತಿ ಪುಸ್ತಕ ತೆಗೆಸಿದರು. ರಟ್ಟಿನ ಅಂಚಿನಲ್ಲಿ ಬಿಳಿ ಪುಡಿ. ನೋರಾ ಹತ್ತಿರ ತಂದು ನೋಡಿ, ಕೋಣೆ ಮುಚ್ಚಿಸಿದರು. ಬೂಷ್ಟು. ಪಕ್ಕದ ಪುಸ್ತಕ ಎಳೆದರೆ ಅದರಲ್ಲಿ ಇನ್ನೂ ಹೆಚ್ಚು. ಆ ಪಕ್ಕದ ಪುಸ್ತಕ ತೀರಿಕೊಂಡ ಮೇಷ್ಟ್ರದ್ದು.

ಆಗ ನನಗೆ ಹಳದಿ ಚೀಟಿಯ ಅರ್ಥವಾಯಿತು. ಮೇಷ್ಟ್ರ ಮನೆಯ ಸೂರು ಸೋರಿ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ ಎಂದೇ ಅವನ್ನು ಬೇರೆ ಇಟ್ಟಿದ್ದರು. ಹರಿದ ಪುಸ್ತಕವಾದರೆ ಹೋಗಲಿ ಎನ್ನಬಹುದು. ಆ ದಾಖಲಾತಿ ಪುಸ್ತಕಗಳಿಗೆ ಇನ್ನೊಂದು ಪ್ರತಿಯಿಲ್ಲ.

"ಮೇಷ್ಟ್ರ ಮನೆಯ ಡಬ್ಬ ಗಾಡಿಗೆ ಹಾಕಿದ್ದಿರಲ್ಲ?" ನೋರಾ ಪ್ಯಾಟ್‌ರನ್ನು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ.

"ಹಾಕಿದ್ದೆ," ಎಂದರು ಪ್ಯಾಟ್. ಸ್ವಲ್ಪ ತಡೆದು, "ಹಾಕಿದ್ದೆ ಅಂದುಕೊಂಡಿದ್ದೇನೆ," ಎಂದರು.

ನಾನು ಅಲ್ಲೇ ನಿಂತಿದ್ದೆ. ನನ್ನ ಬಾಯಿ ತೆರೆಯಲಿಲ್ಲ.

ಹನ್ನೊಂದು ಗಂಟೆಗೆ ಟೀ ಮಾಡುವ ಜಾಗದಲ್ಲಿ ಪ್ಯಾಟ್ ಒಬ್ಬರೇ ಕೂತಿದ್ದರು. ಟೀ ಆರುತ್ತಿತ್ತು. ಮಾತಿಲ್ಲದ ಪ್ಯಾಟ್‌ರನ್ನು ನಾನು ಅದೇ ಮೊದಲು ನೋಡಿದ್ದು.

"ನೋಡು ರತ್ನ," ಎಂದರು, "ಆ ಕೋಣೆಗೆ ನಾನೇ ಅವನ್ನು ಒಯ್ದು ಜೋಡಿಸಿರಬೇಕು. ಬೇರೆ ಯಾರು? ನನಗೆ ಒಂದಿಷ್ಟೂ ನೆನಪಿಲ್ಲ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಸಣ್ಣಪುಟ್ಟ ಸಾಮಾನು. ಆಮೇಲೆ ನಾವು." ಆಮೇಲೆ ನಕ್ಕು, "ನಿಮ್ಮಲ್ಲಿ ಹೊಗೆಸೊಪ್ಪು ಬೆಳೆಯುತ್ತೀರಲ್ಲ, ಮರೆವಿಗೆ ಏನೂ ಬೆಳೆಯುವುದಿಲ್ಲವೇ?" ಎಂದರು.

ನಾನು ಹೊರಗೆ ಬಂದು ಭಾಗ್ಯಳಿಗೆ ಫೋನು ಮಾಡಿದೆ. ಎಲ್ಲಾ ಹೇಳಿದೆ.

ಅವಳು, "ಅಲ್ಲಾ ಕಣಕ್ಕ, ಬಿಸಾಕೋ ಬುಕ್ಕು ಬಿಸಾಕ್ಲಿ ಅಂತ ಬುಟ್ಬುಡೋದು ತಾನೇ? ನಿಂಗ್ಯಾಕಕ್ಕ ಇಲ್ಲದ್ ಉಸಾಬರಿ?" ಎಂದಳು.

"ತಪ್ಪಾಯ್ತು ಕಣೇ."

"ನೀನು ಬಾಯ್ಬುಟ್ರೆ ವರದಿಲಿ ಬರೀತಾರೆ. ಬರುದ್ರೆ ಅಲ್ಗೇ ಮುಗೀತು. ನಾನು ಪಾಸ್‌ಪೋರ್ಟ್‌ಗೆ ಅರಿಸ್ನ ಕುಂಕ್ಮ ಮಡಗ್ಕಂಡು ಕುಂತ್ಕಬೇಕು ಅಷ್ಟೇಯ."

"ಗೊತ್ತು."

"ಆವಯ್ಯಂಗೆ ಎಷ್ಟ್ ವಯಸ್ಸು?"

"ಅರವತ್ತಮೂರು."

"ತನ್ ತಲೆ ಕೆಟ್ಟೋಯ್ತು ಅಂದ್ಕಂಡ್ಬುಟ್ಟವ್ನಾ?"

"ಹೂಂ."

"ಥೂ. ಓಗಿ ಏಳ್ಬುಡಕ್ಕ. ಈಗ್ಲೇ ಓಗು. ಇನ್ನೊಂದ್ಸಲ ನನ್ನ ಕೇಳ್ಬ್ಯಾಡ, ಕೇಳುದ್ರೆ ಬ್ಯಾಡ ಅಂದ್ಬುಡ್ತೀನಿ," ಎಂದು ಫೋನಿಟ್ಟಳು.

ನಾನು ನೋರಾರ ಮೇಜಿನ ಮುಂದೆ ಹೋಗಿ ನಿಂತೆ. ಅವರು ತಲೆ ಎತ್ತಲಿಲ್ಲ. ಆ ದಿನ ಕಾಯುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. "ಮೇಡಂ, ನಾನೇ," ಎಂದೆ. ಡಬ್ಬ ಬಿಚ್ಚಿದ್ದು, ಒರೆಸಿದ್ದು, ಜೋಡಿಸಿದ್ದು ಹೇಳಿದೆ. ಕೊನೆಗೆ, "ನೀವು ಗೊತ್ತಲ್ಲ ಎಂದು ಕೇಳಿದಾಗ ನನಗೆ ಗೊತ್ತಿರಲಿಲ್ಲ," ಎಂದೆ. ನಲವತ್ತು ಪುಸ್ತಕದ ಮಾತಿಗಿಂತ ಈ ಒಂದು ಮಾತು ಹೇಳಲು ಹೆಚ್ಚು ಕಷ್ಟವಾಯಿತು.

ನೋರಾ ಕನ್ನಡಕ ತೆಗೆದರು. "ಮೊದಲು ಪ್ಯಾಟ್‌ಗೆ ಹೇಳಿ ಬಾ," ಎಂದರು ಅಷ್ಟೇ.

ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಪ್ಯಾಟ್ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿತ್ತು. ತಿರುಗಿದಾಗ ಕಣ್ಣು ಒದ್ದೆ, ಮುಖದ ತುಂಬಾ ನಗು. "ನೀನು ಇಡೀ ಗ್ರಂಥಾಲಯಕ್ಕೇ ಬೂಷ್ಟು ಹಿಡಿಸಿದ್ದರೂ ಇವತ್ತು ನಿನಗೆ ಟೀ ನಾನೇ ಮಾಡಿಕೊಡುತ್ತಿದ್ದೆ," ಎಂದರು.

ಐದನೇ ವಾರ

ಆ ಕೋಣೆಯಲ್ಲಿ ಸಾವಿರದ ಮೇಲೆ ಪುಸ್ತಕ. ಕಣ್ಣಿಗೆ ಬೂಷ್ಟು ಕಂಡವು ಕೆಲವೇ. ಉಳಿದವುಗಳಲ್ಲಿ ಯಾವುದು ತೇವ ಕುಡಿದಿದೆ, ಯಾವುದು ಗಟ್ಟಿಯಾಗಿದೆ ಎಂದು ಬೇರೆ ಮಾಡಬೇಕು. ತೇವ ಕುಡಿದದ್ದನ್ನು ಚೀಲದಲ್ಲಿ ಕಟ್ಟಿ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಬೂಷ್ಟು ಬೆಳೆಯದಂತೆ ಮಂಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಒಣಗಿಸುತ್ತಾರೆ. ತೇವ ಅಳೆಯುವ ಯಂತ್ರವೊಂದು ಅಲ್ಲಿಂದಲೇ ಬರಬೇಕು, ಬರಲು ನಾಲ್ಕು ದಿನ. ನಾಲ್ಕು ದಿನ ಸುಮ್ಮನಿದ್ದರೆ ಇನ್ನಷ್ಟು ಹಬ್ಬುತ್ತದೆ ಎಂದು ನೋರಾ ಯೋಚಿಸುತ್ತಿದ್ದರು.

ನಾನು, "ಆ ಕೆಲಸ ನನಗೆ ಕೊಡಿ," ಎಂದೆ.

ನಮ್ಮವ್ವ ಮೂವತ್ತು ವರ್ಷದಿಂದ ಬೇರೆಯವರ ಬ್ಯಾರನ್‌ಗಳಲ್ಲಿ, ಅಂದರೆ ಸೊಪ್ಪು ಬೇಯಿಸಿ ಒಣಗಿಸುವ ಮನೆಗಳಲ್ಲಿ, ಹೊಗೆಸೊಪ್ಪು ಗ್ರೇಡ್ ಮಾಡಿಕೊಡುವವಳು. ಬೇಯಿಸಿದ ಸೊಪ್ಪು ಗರಿಗರಿಯಾಗಿದ್ದರೆ ಮುಟ್ಟಿದರೆ ಪುಡಿ. ತೇವ ಹೆಚ್ಚಾದರೆ ಕಟ್ಟಿದ ಮೂಟೆಯೊಳಗೆ ಬೂಷ್ಟು. ನಡುವಿನದು ಹದ. ರಜೆಯ ದಿನಗಳಲ್ಲಿ ನಾನೂ ಅವಳ ಪಕ್ಕ ಕೂತು ಎಲೆ ಎಣಿಸಿದವಳೇ. ಎಲೆಯ ತುದಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಚಿಮ್ಮುವುದು ಅವಳು ಕಲಿಸಿದ್ದು. "ಅದ ಇರೋ ಎಲೆ ಮಾತಾಡ್ತದೆ, ನೀರ್ ಕುಡುದ್ ಎಲೆ ಮೂಗಿ ಆಗ್ಬುಡ್ತದೆ," ಎನ್ನುತ್ತಾಳೆ.

ಮೂಗು ಬಾಯಿಗೆ ಮಾಸ್ಕು, ಕೈಗೆ ತೆಳು ಗವಸು. ಒಂದೊಂದೇ ಪುಸ್ತಕದ ಪುಟದ ಮೂಲೆ ಚಿಮ್ಮುವುದು, ಕೇಳುವುದು, ಎಡಕ್ಕೋ ಬಲಕ್ಕೋ ಇಡುವುದು. ಪ್ಯಾಟ್ ಎಡದವನ್ನು ಚೀಲದಲ್ಲಿ ಕಟ್ಟುತ್ತಿದ್ದರು. ನೋರಾ ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದರು. ಎರಡನೇ ದಿನ ಒಳಗೆ ಬಂದು ಕುರ್ಚಿ ಎಳೆದುಕೊಂಡು, "ನನಗೆ ಇದು ಗೊತ್ತಿಲ್ಲ. ತೋರಿಸು," ಎಂದರು. ಮೂವತ್ತು ವರ್ಷ ಅನುಭವದ ಮುಖ್ಯಸ್ಥೆ, ಎಲ್ಲರೆದುರಿಗೆ, ನೀರು ಕೊಡು ಎಂದಷ್ಟು ಸರಾಗವಾಗಿ ಗೊತ್ತಿಲ್ಲ ಎಂದರು. ಆಕಾಶ ಕಳಚಿ ಬೀಳಲಿಲ್ಲ. ಪ್ಯಾಟ್ ತಲೆ ಕೂಡ ಎತ್ತಲಿಲ್ಲ.

ಆ ಸಂಜೆ ಅವ್ವನಿಗೆ ಫೋನು ಮಾಡಿ, ನೀನು ಕಲಿಸಿದ ಕೆಲಸ ಇಲ್ಲಿ ಮಾಡುತ್ತಿದ್ದೇನೆ ಎಂದೆ.

"ಎಮ್ಮೆ ಓದ್ಸಿದ್ ದುಡ್ಡೆಲ್ಲ ಓಯ್ತು ಬುಡು," ಎಂದಳು. ಎಮ್ಮೆ ಎಂದರೆ ನಾನು. ನಗುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, "ಎಲ್ಲಾರ್ಗೂ ಏಳುದ್ಯಾ, ನಮ್ಮವ್ವ ಕಲ್ಸಿದ್ದು ಅಂತ?" ಎಂದು ಕೇಳಿದಳು.

ಯಂತ್ರ ಬಂತು. ಎಲ್ಲವನ್ನೂ ಮತ್ತೆ ಅಳೆದರು. ನನ್ನ ಬೆರಳು ಏಳು ಕಡೆ ತಪ್ಪಿತ್ತು. ಉಳಿದದ್ದೆಲ್ಲ ಸರಿ. ದಾಖಲಾತಿ ಪುಸ್ತಕಗಳಲ್ಲಿ ಒಂದರ ಕೊನೆಯ ಎಂಟು ಹಾಳೆ ಹಾಳಾಗಿತ್ತು. ಅದರಲ್ಲಿದ್ದ ಹೆಸರುಗಳನ್ನು ಓದಲು ಇನ್ನು ಆಗುವುದಿಲ್ಲ. ಅದು ನನ್ನಿಂದ ಆದದ್ದು, ಅದನ್ನು ಇಲ್ಲಿ ಬರೆಯದೆ ಬಿಡಲಾರೆ.

ಆರನೇ ವಾರ, ಕೊನೆಯ ದಿನ

ನೋರಾ ವರದಿಯನ್ನು ಕಳಿಸುವ ಮೊದಲು ನನಗೆ ಓದಲು ಕೊಟ್ಟರು. ನಮ್ಮಲ್ಲಿ ನಮ್ಮ ಬಗ್ಗೆ ಬರೆದದ್ದನ್ನು ನಮಗೇ ತೋರಿಸುವ ಪದ್ಧತಿ ಇಲ್ಲ. ತಪ್ಪನ್ನು ಪೂರ್ತಿ ಬರೆದಿದ್ದರು, ಎಂಟು ಹಾಳೆಯನ್ನೂ ಬಿಟ್ಟಿರಲಿಲ್ಲ. ಕೆಳಗೆ, ಬೂಷ್ಟು ಕಂಡ ದಿನವೇ ತಾನಾಗಿ ಹೇಳಿದಳು ಎಂದಿತ್ತು. ಅದರ ಕೆಳಗೆ ಹದ ನೋಡಿದ್ದರ ಬಗ್ಗೆ ನಾಲ್ಕು ಸಾಲು, ಕಲಿತದ್ದು ತಾಯಿಯಿಂದ ಎಂದೂ ಇತ್ತು.

ಕೊನೆಯ ಪ್ರಶ್ನೆ, ಮುಂದಿನ ವರ್ಷ ಇನ್ನೊಬ್ಬರನ್ನು ಕರೆಸಿಕೊಳ್ಳುತ್ತೀರಾ. ಅಲ್ಲಿ ಖಾಲಿ.

"ಅದು ನನ್ನೊಬ್ಬಳ ಕೈಯಲ್ಲಿಲ್ಲ. ಸಮಿತಿಯಲ್ಲಿ ಮಾತಾಡಬೇಕು," ಎಂದರು. "ಒಂದು ಮಾತು ಹೇಳಲೇ? ನಾನು ಗೊತ್ತಲ್ಲ ಎಂದು ಕೇಳಿದ್ದೇ ತಪ್ಪು. ಹಾಗೆ ಕೇಳಿದರೆ ಯಾರು ತಾನೇ ಗೊತ್ತಿಲ್ಲ ಅನ್ನುತ್ತಾರೆ?"

ಪ್ಯಾಟ್ ನನ್ನನ್ನು ಬಸ್ಸಿಗೆ ಬಿಡಲು ಬಂದರು. ದಾರಿಯುದ್ದಕ್ಕೂ ಎದುರು ಬಂದ ಪ್ರತಿ ಕಾರಿಗೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡಿದರು, ಗುರುತಿರಲಿ ಇಲ್ಲದಿರಲಿ. "ಮುಂದೆ ಬರಬೇಕು ಅಂದೆಯಲ್ಲ, ಆ ನಿನ್ನ ಗೆಳತಿಗೆ ಟೀ ಇಷ್ಟವಾ?" ಎಂದು ಕೇಳಿದರು. ಬರುತ್ತಾಳೋ ಇಲ್ಲವೋ ಗೊತ್ತಿಲ್ಲವಲ್ಲ ಎಂದೆ. "ನಾನು ಕೇಳಿದ್ದು ಅದಲ್ಲ," ಎಂದರು.

ಎಚ್.ಡಿ. ಕೋಟೆ ತಾಲ್ಲೂಕು

ಊರಿಗೆ ಬಂದು ಎರಡು ತಿಂಗಳು ಯಾವ ಸುದ್ದಿಯೂ ಇರಲಿಲ್ಲ. ಭಾಗ್ಯ ಕೇಳಲಿಲ್ಲ, ನಾನು ಹೇಳಲಿಲ್ಲ. ಫೋನಿನಲ್ಲಿ ಬಿಸಿಲು, ಬಸ್ಸು, ಅವಳ ಪಂಚಾಯಿತಿಯ ಸೋರುವ ಸೂರು, ಇವುಗಳ ಮಾತಷ್ಟೇ. ಆಮೇಲೊಂದು ದಿನ ಮೈಸೂರಿನ ಟ್ರಸ್ಟಿನವರು ಕರೆದು ನನ್ನ ಕೈಗೆ ಒಂದು ಅರ್ಜಿ ನಮೂನೆ ಕೊಟ್ಟರು. ಅಲ್ಲಿಯ ಸಮಿತಿ ಒಪ್ಪಿದೆ, ಮುಂದಿನ ವರ್ಷಕ್ಕೂ ಒಬ್ಬರು ಬರಲಿ, ಆದರೆ ಅರ್ಜಿಯಲ್ಲಿ ಒಂದು ಹೊಸ ಪ್ರಶ್ನೆ ಸೇರಿಸಿದ್ದೇವೆ, ಅದನ್ನು ತುಂಬದ ಅರ್ಜಿ ನೋಡುವುದಿಲ್ಲ ಎಂದು ಬರೆದಿದ್ದರಂತೆ.

ಅಂಚೆಗೆ ಹಾಕಲು ಮನಸ್ಸಾಗದೆ ನಾನೇ ಬಸ್ಸು ಹತ್ತಿದೆ. ಭಾಗ್ಯಳ ಗ್ರಂಥಾಲಯ ಪಂಚಾಯಿತಿ ಕಚೇರಿಯ ಪಕ್ಕದ ಒಂದೇ ಕೋಣೆ. ಇಬ್ಬರು ಮುದುಕರು ಪೇಪರು ಹಂಚಿಕೊಂಡು ಓದುತ್ತಿದ್ದರು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ನಮೂನೆ ಕಿತ್ತುಕೊಂಡು, ನಿಂತಲ್ಲೇ ಓದಿ, ಹೊಸ ಪ್ರಶ್ನೆಯ ಹತ್ತಿರ ನಿಂತಳು.

ಈ ಕೆಲಸದಲ್ಲಿ ನಿಮಗೆ ಏನೇನು ಗೊತ್ತಿಲ್ಲ? ಬರೆಯಿರಿ.

"ಇದೇನಕ್ಕ ಇಂಗ್ ಕೇಳವ್ರೆ? ಬರಾಕಿಲ್ಲ ಅಂತ ಬರುದ್ರೆ ಯಾರಕ್ಕ ಕರ್ಸ್ಕತಾರೆ?"

"ಬರೆದ್ರೇನೇ ಕರೆಸ್ಕೊಳ್ಳೋದು," ಎಂದೆ.

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಮೇಜಿನ ಮುಂದೆ ಕೂತು ಪೆನ್ನು ತೆಗೆದಳು. ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಒಂದು ಸಾಲು. ನಾನು ಬಗ್ಗಿ ನೋಡಿದೆ. ವರ್ಗೀಕರಣವನ್ನು ಪುಸ್ತಕದಲ್ಲಿ ಓದಿದ್ದೇನೆ, ಕೈಯಾರೆ ಮಾಡಿಲ್ಲ. ಅಯ್ಯೋ, ಇದನ್ನು ಬರೆಯಬೇಡ ಕಣೇ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಮತ್ತೊಂದು ಸಾಲು. ಕಂಪ್ಯೂಟರ್ ಬಂದು ಒಂದು ವರ್ಷವಾಯಿತು, ಪುಸ್ತಕದ ಪಟ್ಟಿ ಅದರಲ್ಲಿ ಮಾಡುವುದು ಯಾರೂ ಹೇಳಿಕೊಟ್ಟಿಲ್ಲ. ಮತ್ತೊಂದು. ಓದು ಬಾರದವರು ಗ್ರಂಥಾಲಯಕ್ಕೆ ಬಂದರೆ ಏನು ಕೊಡಬೇಕೋ ತಿಳಿಯದು. ಮತ್ತೊಂದು. ಸೂರು ಸೋರಿದಾಗ ಮೊದಲು ಯಾವ ಪುಸ್ತಕ ಎತ್ತಬೇಕು?

ಪೆನ್ನಿನ ವೇಗ ಹೆಚ್ಚುತ್ತಾ ಹೋಯಿತು. ಪೇಪರು ಓದುತ್ತಿದ್ದ ಮುದುಕರಲ್ಲಿ ಒಬ್ಬರು, "ಏನವ್ವಾ ಅದು, ಪರೀಕ್ಸೆನಾ?" ಎಂದರು. ಅವಳು ತಲೆ ಎತ್ತಲಿಲ್ಲ. ಗೆರೆ ಹಾಕಿದ ಜಾಗ ಮುಗಿದು, ಅಂಚು ಮುಗಿದು, ಹಾಳೆ ತಿರುಗಿಸಿದಳು. ಅದೂ ತುಂಬಿತು. ಎಡಗೈಯನ್ನು ನನ್ನ ಕಡೆ ಚಾಚಿದಳು.

"ಅಕ್ಕ, ಜಾಗ ಸಾಲ್ದು ಕಣಕ್ಕ. ಇನ್ನೊಂದ್ ಆಳೆ ಕೊಡು."